ನಾಣ್ಯ ಹೋಯಿತು, ನುಡಿ ಉಳಿಯಿತು

ಕೆಲವು ತಿಂಗಳ ಹಿಂದೆ ನಮ್ಮ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವ ತರುಣನ ಮುಂದೆ ಒಬ್ಬ ಹಳೆಯ ಗಿರಾಕಿಯ ಬಾಕಿಯ ವಿಷಯ ಬಂದಿತು. "ಅವರ ಮಾತು ಹದಿನಾರಾಣೆ ಸತ್ಯ, ಕೊಟ್ಟೇ ಕೊಡುತ್ತಾರೆ" ಎಂದೆ. ಅವನು ಗಣಕಯಂತ್ರದಿಂದ ತಲೆಯೆತ್ತಿ, "ಹದಿನಾರೇ ಆದರೆ ಉಳಿದ ಎಂಬತ್ತನಾಲ್ಕು ಸುಳ್ಳೇ, ಸಾರ್?" ಎಂದು ಕೇಳಿದ. ಹಾಸ್ಯಕ್ಕಾಗಿ ಕೇಳಿದ ಮಾತಲ್ಲ ಅದು. ನೂರರ ಲೆಕ್ಕದಲ್ಲಿಯೇ ಹುಟ್ಟಿ ಬೆಳೆದವನಿಗೆ ಹದಿನಾರು ಎಂದರೆ ಆರರಲ್ಲಿ ಒಂದು ಪಾಲೂ ಅಲ್ಲ. ಆದರೆ ಅದೇ ದಿನ ಸಂಜೆ ಆ ತರುಣ ಗೆಳೆಯನೊಡನೆ ದೂರವಾಣಿಯಲ್ಲಿ ಮಾತನಾಡುತ್ತ, "ನನ್ನ ಹತ್ತಿರ ಬಿಡಿಗಾಸೂ ಇಲ್ಲ" ಎಂದುದನ್ನು ಕೇಳಿಸಿಕೊಂಡೆ. ಕಾಸು ಎಂಬ ನಾಣ್ಯವನ್ನು ಅವನು ಕೈಯಲ್ಲಿ ಹಿಡಿದಿಲ್ಲ. ಅವನ ತಂದೆ ಹಿಡಿದಿಲ್ಲ. ಅರವತ್ತು ದಾಟಿದ ನಾನೂ ಅದರಿಂದ ಏನನ್ನೂ ಕೊಂಡವನಲ್ಲ. ಆದರೂ ಆ ನುಡಿ ಅವನ ಬಾಯಲ್ಲಿ ಸಹಜವಾಗಿತ್ತು.

ವಸ್ತು ಅಳಿದ ಮೇಲೂ ಅದರ ಹೆಸರು ಬಾಳುವುದು ಭಾಷೆಯಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿ. ಅದರ ಶಾಸ್ತ್ರೀಯ ವಿವೇಚನೆ ಭಾಷಾಶಾಸ್ತ್ರಜ್ಞರಿಗೆ ಸೇರಿದ್ದು. ನಾನು ವಾಣಿಜ್ಯವನ್ನು ಓದಿ ವಾಣಿಜ್ಯದಲ್ಲಿಯೇ ಕಾಲ ಕಳೆದವನು. ಅಂಗಡಿಯ ಕಟ್ಟೆಯ ಮೇಲಿನಿಂದ ಕಾಣುವಷ್ಟನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ. ನಾಣ್ಯ, ಅಳತೆ, ತೂಕ, ಲೆಕ್ಕ ಇವುಗಳಿಗೆ ಸಂಬಂಧಿಸಿದ ಹಳೆಯ ನುಡಿಗಳ ಚರಿತ್ರೆಯನ್ನು ನೋಡುವಾಗ ನಮ್ಮ ನಡತೆಗೆ ಸಂಬಂಧಿಸಿದ ಒಂದು ಪ್ರಶ್ನೆ ಏಳುತ್ತದೆ. ವಸ್ತು ಹೋಗಿ ಹೆಸರು ಮಾತ್ರ ಉಳಿದಾಗ, ಆ ಹೆಸರನ್ನು ಬಳಸುವವನ ಹೊಣೆ ಏನು?

ಆಣೆಯ ಲೆಕ್ಕ

1957ರವರೆಗೆ ನಮ್ಮಲ್ಲಿ ಒಂದು ರೂಪಾಯಿಗೆ 16 ಆಣೆ. ಒಂದು ಆಣೆಗೆ 4 ಪೈಸೆ ಅಥವಾ 12 ಪೈ. ಎಂದರೆ ರೂಪಾಯಿಗೆ 64 ಪೈಸೆ, 192 ಪೈ. ಹದಿನಾರಾಣೆ ಎಂದರೆ ಏನೂ ಕೊರತೆಯಿಲ್ಲದ, ತುಂಬಿದ ರೂಪಾಯಿ. ಹದಿನಾರಾಣೆ ಸತ್ಯ ಎಂದರೆ ತುಂಬಿದ ಸತ್ಯ. ಹದಿನಾರು ಎಂಬ ಸಂಖ್ಯೆಯನ್ನು ನಮ್ಮ ಹಿರಿಯರು ಮೆಚ್ಚಿದುದಕ್ಕೆ ಕಾರಣವುಂಟು. ಅದನ್ನು ಅರ್ಧ ಮಾಡಿದರೆ ಎಂಟು, ಕಾಲು ಮಾಡಿದರೆ ನಾಲ್ಕು, ಅರೆಗಾಲು ಮಾಡಿದರೆ ಎರಡು, ಮತ್ತೆ ಅರ್ಧಿಸಿದರೆ ಒಂದು. ಕಾಗದ ಲೇಖನಿಗಳಿಲ್ಲದೆ ಬೆರಳ ಗೆಣ್ಣುಗಳ ಮೇಲೆಯೇ ಲೆಕ್ಕ ಮುಗಿಯುತ್ತಿತ್ತು. ಹದಿನಾರರಲ್ಲಿ ಒಂದು ಪಾಲಿಗೆ 'ವೀಸ' ಎಂಬ ಹೆಸರು ಕನ್ನಡ ಶಾಸನಗಳ ಕಾಲದಿಂದಲೂ ಇದೆ. "ವೀಸದಷ್ಟೂ ಅನುಮಾನವಿಲ್ಲ" ಎನ್ನುವವರು ಇಂದಿಗೂ ಇದ್ದಾರೆ.

ನಾಣ್ಯ ಕಾಯಿದೆಗೆ 1955ರಲ್ಲಿ ತಿದ್ದುಪಡಿಯಾಗಿ, 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಹೊಸ ಪೈಸೆಗಳಾದವು. 1964ರ ಜೂನ್ ತಿಂಗಳಿನಿಂದ 'ಹೊಸ' ಎಂಬ ವಿಶೇಷಣವೂ ಹೋಗಿ ಬರಿಯ ಪೈಸೆ ಉಳಿಯಿತು. ಆದರೆ ಜನ 25 ಪೈಸೆಯನ್ನು ನಾಲ್ಕಾಣೆಯೆಂದೂ 50 ಪೈಸೆಯನ್ನು ಎಂಟಾಣೆಯೆಂದೂ ಕರೆಯುವುದನ್ನು ಬಿಡಲಿಲ್ಲ. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆಯನ್ನು ಸರ್ಕಾರ ನಿಲ್ಲಿಸಿತು. ಆಣೆಯ ಪದ್ಧತಿ ಅಳಿದ ಮೇಲೂ 54 ವರ್ಷಗಳ ಕಾಲ ಅದರ ಹೆಸರು ಬೇರೊಂದು ನಾಣ್ಯದ ಬೆನ್ನೇರಿ ಸಂಚರಿಸಿತು. ಆ ನಾಣ್ಯವೂ ಹೋದ ಮೇಲೆ 'ನಾಲ್ಕಾಣೆ' ಮಾತಿನಲ್ಲಿ ಮಾತ್ರ ಉಳಿದಿದೆ.

ಈ ಬದಲಾವಣೆಯ ಕಾಲದಲ್ಲಿ ನಾನಿನ್ನೂ ಹುಟ್ಟಿರಲಿಲ್ಲ. ನಮ್ಮ ತಂದೆಯವರು ಹೇಳುತ್ತಿದ್ದ ಒಂದು ಸಂಗತಿ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಒಂದಾಣೆಗೆ ಸರಿಯಾದ ಬೆಲೆ ಆರೂಕಾಲು ಹೊಸ ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಪರಿವರ್ತನೆಯ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಪೈಸೆ ಎಂದಿತ್ತು. ಈ ಕಾಲು ಪೈಸೆ ಯಾರಿಗೆ ಸೇರಬೇಕು? ಒಬ್ಬ ಗಿರಾಕಿಯ ಮಟ್ಟಿಗೆ ಅದು ಏನೂ ಅಲ್ಲ. ದಿನಕ್ಕೆ ನೂರಾರು ಬಿಡಿ ವ್ಯಾಪಾರಗಳಾಗುವ ಅಂಗಡಿಯಲ್ಲಿ ವರ್ಷದ ಕೊನೆಗೆ ಅದು ಸಣ್ಣ ಮೊತ್ತವಲ್ಲ. ಒಂದಾಣೆಯ ಪದಾರ್ಥಕ್ಕೆ ಏಳು ಪೈಸೆ ಕೇಳಿದರೆ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ನಮ್ಮ ಅಜ್ಜನವರು ಮಾತ್ರ ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟರಂತೆ: "ನಾವು ತೆಗೆದುಕೊಳ್ಳುವಾಗ ಆರು, ಕೊಡುವಾಗ ಏಳು." ಹೊಸ ಲೆಕ್ಕ ಜನಕ್ಕೆ ರೂಢಿಯಾಗುವವರೆಗೂ ನಮ್ಮ ಅಂಗಡಿಯಲ್ಲಿ ಹಾಗೆಯೇ ನಡೆಯಿತು.

ಹಣವೆಂಬ ಹಣ

ನಾವು ದಿನವೂ ಬಳಸುವ 'ಹಣ' ಎಂಬ ಮಾತೇ ಅಳಿದ ನಾಣ್ಯವೊಂದರ ಹೆಸರು. ಗದ್ಯಾಣ, ಹಣ, ಹಾಗ, ವೀಸ ಎಂಬ ಹೆಸರುಗಳು ಕನ್ನಡ ನಾಡಿನ ಶಾಸನಗಳಲ್ಲಿ, ಬಸದಿ ದೇಗುಲಗಳಿಗೆ ಬಿಟ್ಟ ದತ್ತಿಗಳ ವಿವರದಲ್ಲಿ, ಮತ್ತೆ ಮತ್ತೆ ಬರುತ್ತವೆ. ಹಣದ ನಾಲ್ಕನೆಯ ಒಂದು ಪಾಲು ಹಾಗ. ಹದಿನಾರನೆಯ ಒಂದು ಪಾಲು ವೀಸ. ಹಣವೆಂಬುದು ಅರ್ಧ ಗ್ರಾಮಿಗಿಂತಲೂ ಕಡಿಮೆ ತೂಕದ ಪುಟ್ಟ ಚಿನ್ನದ ನಾಣ್ಯ. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಟಂಕಿಸಿದ ಕಂಠೀರಾಯಿ ಹಣ ಬಹುಕಾಲ ಪ್ರಸಿದ್ಧವಾಗಿತ್ತು. ಆ ಪುಟ್ಟ ನಾಣ್ಯ ಇಂದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಅದರ ಹೆಸರು ಮಾತ್ರ ಬೆಳೆದು ಲೋಕದ ಸಕಲ ಧನಕ್ಕೂ ಹೆಸರಾಗಿದೆ. ದುಡ್ಡು ಎಂಬುದೂ ಹೀಗೆಯೇ ಸಣ್ಣದೊಂದು ತಾಮ್ರದ ನಾಣ್ಯ. ಈಗ ಅಂಗೈಯಗಲದ ಫಲಕಕ್ಕೆ ದೂರವಾಣಿಯನ್ನು ಹಿಡಿದು ಲೋಹವನ್ನಾಗಲಿ ಕಾಗದವನ್ನಾಗಲಿ ಮುಟ್ಟದೆ ಸಂದಾಯ ಮಾಡುವವನೂ "ದುಡ್ಡು ಹಾಕಿದೆ" ಎನ್ನುತ್ತಾನೆ.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಹತ್ತು ಕಂಠೀರಾಯಿ ಹಣಕ್ಕೆ ಒಂದು ಕಂಠೀರಾಯಿ ವರಹ ಎಂದು ಲೆಕ್ಕ ಬರೆಯುತ್ತಿದ್ದರು. ಆದರೆ ಕಂಠೀರಾಯಿ ವರಹವೆಂಬ ನಾಣ್ಯವನ್ನು ಟಂಕಿಸಿಯೇ ಇರಲಿಲ್ಲ. ಅದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದ ನಾಣ್ಯ. ಆದರೂ ವರಹದ ಲೆಕ್ಕದಲ್ಲಿ ವ್ಯವಹಾರ ನಡೆಯಿತು, ಸಾಲ ತೀರಿತು. ವಸ್ತುವಿಲ್ಲದ ಹೆಸರು ವಂಚನೆಯೇ ಆಗಬೇಕಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಕೊಡುವವನಿಗೂ ಕೊಳ್ಳುವವನಿಗೂ ವರಹವೆಂದರೆ ಹತ್ತು ಹಣ ಎಂಬುದು ಸ್ಪಷ್ಟವಾಗಿ ತಿಳಿದಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

'ನಾಣ್ಯ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆ. ಪ್ರಾಮಾಣಿಕತೆ, ನಂಬಿಕೆಗೆ ತಕ್ಕ ಗುಣ ಎಂದು. ನಂಬಬಹುದಾದವನನ್ನು ನಾಣ್ಯಸ್ಥ ಎನ್ನುತ್ತೇವೆ. ಲೋಹದ ಬಿಲ್ಲೆಯ ಹೆಸರು ಮನುಷ್ಯನ ಗುಣಕ್ಕೆ ಹೇಗೆ ಬಂದಿತು? ನಾಣ್ಯದ ಮೇಲಿನ ಮುದ್ರೆ ಒಂದು ವಚನ. ಇದರಲ್ಲಿ ಇಷ್ಟು ತೂಕ, ಇಷ್ಟು ಶುದ್ಧಿ ಇದೆಯೆಂದು ಅದು ನುಡಿಯುತ್ತದೆ. ಆಡಿದಂತೆ ಒಳಗೂ ಇರುವ ಮನುಷ್ಯನನ್ನು ಜನ ನಾಣ್ಯಕ್ಕೆ ಹೋಲಿಸಿರಬೇಕೆಂದು ನಾನು ತಿಳಿದಿದ್ದೇನೆ. ಖೋಟಾ ನಾಣ್ಯಕ್ಕೂ ಮುದ್ರೆಯಿರುತ್ತದೆ ಎಂಬುದನ್ನೂ ನಮ್ಮ ಹಿರಿಯರು ಮರೆತಿರಲಿಲ್ಲ.

ಸೇರು ಮತ್ತು ಮಾನ

"ಸೇರಿಗೆ ಸವ್ವಾಸೇರು" ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಸವ್ವಾ ಎಂದರೆ ಒಂದೂಕಾಲು. ಎಂಬತ್ತು ತೊಲದ ಪಕ್ಕಾ ಸೇರು ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಆದರೆ ಊರಿಂದೂರಿಗೆ ಸೇರು ಬೇರೆ. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ತೂಗುವ ಸೇರು ಬೇರೆ, ಅಳೆಯುವ ಸೇರು ಬೇರೆ. ಈ ಗೊಂದಲವನ್ನು ನಿವಾರಿಸಲು 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. 1958ರ ಅಕ್ಟೋಬರ್ ತಿಂಗಳಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು, 1960ರ ದಶಕದಲ್ಲಿ ದೇಶದಲ್ಲೆಲ್ಲ ನೆಲೆಗೊಂಡಿತು. ಸೇರು, ಪಾವು, ಚಟಾಕು, ಬಳ್ಳ, ಕೊಳಗ, ಖಂಡುಗ ಇವೆಲ್ಲ ಕಾನೂನಿನ ದೃಷ್ಟಿಯಲ್ಲಿ ಇಲ್ಲವಾದವು.

ಬಾಳಿನಲ್ಲಿ ಇಲ್ಲವಾದವೇ? ಇಂದಿಗೂ ಹೊಸ ಸೊಸೆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಮೆಲ್ಲನೆ ಒದ್ದು ಒಳಗೆ ಬರುತ್ತಾಳೆ. ಆ ಮನೆಯ ಅಕ್ಕಿ ಬರುವುದು ಇಪ್ಪತ್ತೈದು ಕಿಲೋ ಚೀಲದಲ್ಲಿ. ಹಿತ್ತಾಳೆಯ ಸೇರು ಆ ಒಂದು ದಿನಕ್ಕಾಗಿಯೇ ಅಟ್ಟದಿಂದ ಇಳಿಯುತ್ತದೆ. ಅದರ ಬದಲು ಒಂದು ಕಿಲೋ ಪೊಟ್ಟಣವನ್ನಿಡಲು ಯಾರ ಮನಸ್ಸೂ ಒಪ್ಪದು. ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲನೆಯ ಸೇರನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ವಾಡಿಕೆಯಿತ್ತು. ವಿದ್ಯುತ್ ತಕ್ಕಡಿ ಬಂದ ಮೇಲೂ ಮೊದಲ ಚೀಲ ತೂಗುವಾಗ ನನ್ನ ಬಾಯಿಂದ 'ಲಾಭ' ಎಂದೇ ಬರುತ್ತದೆ. ಭೂಮಿಯನ್ನು ಅಳೆಯುತ್ತಿದ್ದ ಮಾನದಂಡ, ಅಳತೆಗೋಲುಗಳು ಈಗ ವಿಮರ್ಶಕರ ಬರಹದಲ್ಲಿ ಕಾವ್ಯವನ್ನು ಅಳೆಯುತ್ತಿವೆ. ಹೂವಾಡಗಿತ್ತಿಯ ಮೊಳವೊಂದು ಮಾತ್ರ ಇನ್ನೂ ಜೀವಂತ ಅಳತೆ. ಅವಳ ತೋಳೇ ಅದರ ಪ್ರಮಾಣ.

ಅಳತೆಯ ವಿಷಯದಲ್ಲಿ ನಮ್ಮ ಆಚಾರ್ಯರು ಬಹು ಹಿಂದೆಯೇ ಎಚ್ಚರಿಕೆ ಕೊಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ಎಣಿಸಿದ್ದಾರೆ. ಅವುಗಳಲ್ಲಿ ನಾಲ್ಕನೆಯದು ಹೀನಾಧಿಕ ಮಾನೋನ್ಮಾನ. ಮಾನವೆಂದರೆ ಅಳೆಯುವ ಪಾತ್ರೆ, ಉನ್ಮಾನವೆಂದರೆ ತೂಗುವ ಸಾಧನ. ಕೊಡುವಾಗ ಕಡಿಮೆಯ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ ಬಳಸುವುದೇ ಈ ದೋಷವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ನಮ್ಮ ಅಜ್ಜನವರ "ತೆಗೆದುಕೊಳ್ಳುವಾಗ ಆರು, ಕೊಡುವಾಗ ಏಳು" ಎಂಬ ಮಾತು ಈ ಅತಿಚಾರವನ್ನು ತಲೆಕೆಳಗು ಮಾಡಿದುದು. ಅವರು ಶಾಸ್ತ್ರವನ್ನು ಓದಿದ್ದರೋ ಕೇಳಿದ್ದರೋ ಹೇಳಲಾರೆ, ಆಚರಿಸಿದ್ದರು. ಸೂತ್ರದ ಕಾಲದ ಪ್ರಸ್ಥ ಹೋಯಿತು, ಸೇರು ಹೋಯಿತು, ಕಬ್ಬಿಣದ ಬಟ್ಟುಗಳೂ ಮೂಲೆ ಸೇರಿದವು. ಅತಿಚಾರಕ್ಕೆ ಮಾತ್ರ ವಯಸ್ಸಾಗಿಲ್ಲ.

ಒರೆಗಲ್ಲು, ಕಡತ, ತಕ್ಕಡಿ

ಅಕ್ಕಸಾಲಿಗರು ಚಿನ್ನವನ್ನು ಕರಿಯ ಕಲ್ಲಿನ ಮೇಲೆ ಉಜ್ಜಿ, ಮೂಡಿದ ಗೆರೆಯ ಬಣ್ಣವನ್ನು ಶುದ್ಧಿ ತಿಳಿದ ಚಿನ್ನದ ಗೆರೆಯೊಡನೆ ಹೋಲಿಸಿ ನೋಡುತ್ತಿದ್ದರು. ಬಣ್ಣದಿಂದಲೇ ಪರೀಕ್ಷೆ ನಡೆಯುತ್ತಿದ್ದುದರಿಂದ ನಮ್ಮ ಪ್ರಾಚೀನ ಗಣಿತ ಗ್ರಂಥಗಳಲ್ಲಿ ಚಿನ್ನದ ಶುದ್ಧಿಯ ಅಳತೆಗೆ 'ವರ್ಣ'ವೆಂದೇ ಹೆಸರು. ಶುದ್ಧವಾದ ಚಿನ್ನಕ್ಕೆ ಹದಿನಾರು ವರ್ಣ. ಇಲ್ಲಿಯೂ ಪೂರ್ಣತೆಗೆ ಹದಿನಾರೇ! ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ ಧಾನ್ಯ, ಚಿನ್ನ, ಬೆಳ್ಳಿಗಳ ಅಳತೆಗಳ ಪರಿಭಾಷೆಯೂ ಬೇರೆ ಬೇರೆ ವರ್ಣದ ಚಿನ್ನವನ್ನು ಬೆರೆಸಿದಾಗ ಬರುವ ಲೆಕ್ಕಗಳೂ ಇವೆ. ಕನ್ನಡದಲ್ಲಿ ರಾಜಾದಿತ್ಯನು ಬರೆದ ಗಣಿತ ಗ್ರಂಥಕ್ಕೆ ವ್ಯವಹಾರಗಣಿತವೆಂದೇ ಹೆಸರು. ಇಂದು ಆಭರಣದ ಮೇಲೆ ಕಿರಣ ಹಾಯಿಸಿ ಯಂತ್ರವೇ ಶುದ್ಧಿಯನ್ನು ಹೇಳುತ್ತದೆ. 2021ರ ಜೂನ್ ತಿಂಗಳಿನಿಂದ ದೇಶದ ಹಲವು ಜಿಲ್ಲೆಗಳಲ್ಲಿ ಚಿನ್ನಾಭರಣಕ್ಕೆ ಹಾಲ್‌ಮಾರ್ಕ್ ಮುದ್ರೆ ಕಡ್ಡಾಯವಾಗಿದೆ. ಆದರೆ ಮನುಷ್ಯನನ್ನಾಗಲಿ ಸಿದ್ಧಾಂತವನ್ನಾಗಲಿ ಪರೀಕ್ಷಿಸುವಾಗ ನಾವು ಇಂದಿಗೂ "ಒರೆಗೆ ಹಚ್ಚಿ" ನೋಡುತ್ತೇವೆ.

ಕಡತದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಸರ್ಕಾರಿ ಕಚೇರಿಯಲ್ಲಿ ಕಡತ ಮೇಜಿನಿಂದ ಮೇಜಿಗೆ ಸರಿಯುವುದನ್ನು ನಾವೆಲ್ಲ ಕಾದು ನೋಡಿದವರೇ. ಮೂಲದಲ್ಲಿ ಕಡತವೆಂಬುದು ಉದ್ದನೆಯ ಬಟ್ಟೆ. ಅದರ ಎರಡು ಬದಿಗೂ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿಯ ಅಕ್ಷರದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿವೆ. ವರ್ತಕರೂ ಅಂಗಡಿಕಾರರೂ ಕಡತದಲ್ಲಿ ಲೆಕ್ಕ ಬರೆಯುತ್ತಿದ್ದುದನ್ನು ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾಗತೊಡಗಿದ ತನ್ನ ಇತಿಹಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಬಟ್ಟೆ ಹೋಗಿ ಕಾಗದ ಬಂದಿತು, ಹೆಸರು ಕಡತವೇ. ಕಾಗದ ಹೋಗಿ ಗಣಕಯಂತ್ರ ಬಂದಿತು. ಅಲ್ಲಿಯೂ ಕನ್ನಡದಲ್ಲಿ ಕಡತವೇ.

ಹಳೆಯ ಕಡತದ ಒಂದು ಗುಣವನ್ನು ವ್ಯಾಪಾರಿಗಳಾದ ನಾವು ಮರೆಯಬಾರದು. ಬಳಪದ ಬರಹವನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಅಳಿಸಬಹುದಾದ ಪುಸ್ತಕದಲ್ಲಿ ನಮ್ಮ ಪೂರ್ವಿಕರು ಅಳಿಸದ ಸಾಲವನ್ನು ಬರೆದಿಟ್ಟರು. ಬರಹಕ್ಕೆ ಕಾವಲಾಗಿದ್ದುದು ಬರೆದವನ ಮನಸ್ಸಾಕ್ಷಿ. ಮಧ್ಯೆ ಮಸಿ ಕಾಗದಗಳ ಕಾಲದಲ್ಲಿ ತಿದ್ದಿದರೆ ಕಲೆ ಕಾಣುತ್ತಿತ್ತು. ಗಣಕಯಂತ್ರದ ಕಡತ ಮತ್ತೆ ಬಟ್ಟೆಯ ಕಡತದಂತೆಯೇ ಕಲೆಯಿಲ್ಲದೆ ಅಳಿಸಬಹುದಾದದ್ದು. ಆದುದರಿಂದಲೇ 2023ರ ಏಪ್ರಿಲ್ 1ರಿಂದ ಆರಂಭವಾದ ಲೆಕ್ಕದ ವರ್ಷದಿಂದ, ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕೆಂಬ ನಿಯಮ ಬಂದಿದೆ. ಅಂತರಂಗದಲ್ಲಿದ್ದ ಕಾವಲುಗಾರನನ್ನು ಕಾನೂನು ಈಗ ಯಂತ್ರದೊಳಗೆ ಕೂರಿಸಬೇಕಾಗಿದೆ.

ಸಂಕೇತಗಳಲ್ಲಿ ತಕ್ಕಡಿಯಷ್ಟು ದೀರ್ಘಾಯುಷ್ಯ ಪಡೆದುದು ವಿರಳ. ನಮ್ಮ ಪೇಟೆಯಲ್ಲಿ ಎರಡು ತಟ್ಟೆಯ ತಕ್ಕಡಿ ಹುಡುಕಿದರೂ ಸಿಗುವುದು ಕಷ್ಟ. ನ್ಯಾಯಾಲಯದ ಲಾಂಛನದಲ್ಲಿ, ವಕೀಲರ ಕಾಗದಪತ್ರಗಳಲ್ಲಿ ಅದು ಸ್ಥಿರವಾಗಿದೆ. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರ ಗ್ರಂಥಾಲಯದಲ್ಲಿ ಸ್ಥಾಪಿತವಾದ ನ್ಯಾಯದೇವತೆಯ ಹೊಸ ಪ್ರತಿಮೆ 2024ರಲ್ಲಿ ಸುದ್ದಿಯಾಯಿತು. ಕಣ್ಣಿನ ಪಟ್ಟಿಯನ್ನು ತೆಗೆಯಲಾಗಿತ್ತು. ಕತ್ತಿಯ ಸ್ಥಾನದಲ್ಲಿ ಸಂವಿಧಾನ ಬಂದಿತ್ತು. ತಕ್ಕಡಿ ಮಾತ್ರ ಕೈಯಲ್ಲಿಯೇ ಇತ್ತು. ಎರಡು ತಟ್ಟೆಯ ತಕ್ಕಡಿಯಲ್ಲಿ ಕೊಡುವವನೂ ಕೊಳ್ಳುವವನೂ ಒಂದೇ ಮುಳ್ಳನ್ನು ನೋಡುತ್ತಿದ್ದರು. ಅಂಕಿ ತೋರಿಸುವ ಯಂತ್ರ ಹೆಚ್ಚು ನಿಖರವಾದುದು, ನಿಜ. ಆದರೆ ಇಬ್ಬರ ಕಣ್ಣೆದುರಿಗೇ ಸಮವಾಗುವ ಆ ದೃಶ್ಯವನ್ನು ಯಾವ ಅಂಕಿಯೂ ಕೊಡಲಾರದು. ಸಂಕೇತವಾಗಿ ತಕ್ಕಡಿ ಉಳಿದುದು ಇದಕ್ಕಾಗಿಯೇ.

ಮೇಲಿನ ಎಲ್ಲ ಉದಾಹರಣೆಗಳಲ್ಲಿಯೂ ಒಂದು ಸಾಮಾನ್ಯ ಅಂಶವಿದೆ. ಜನ ಉಳಿಸಿಕೊಂಡದ್ದು ಆ ವಸ್ತುವಿನ ಮೇಲೆ ತಾವಿಟ್ಟಿದ್ದ ನಂಬಿಕೆಯ ಹೆಸರನ್ನು. ರೂಪಾಯಿ ತುಂಬಿದೆಯೇ, ಸೇರು ತುಂಬಿದೆಯೇ, ಚಿನ್ನ ಶುದ್ಧವೇ, ಬರೆದದ್ದು ನಿಜವೇ, ಮುಳ್ಳು ನೆಟ್ಟಗಿದೆಯೇ? ಈ ಪ್ರಶ್ನೆಗಳಿಗೆ ಹೌದೆಂಬ ಉತ್ತರ ದೊರೆತ ಕಡೆಯಲ್ಲಿ ಹೆಸರು ಬೇರೂರಿತು.

ಗಾಣದ ಹಲಗೆ

ಇಷ್ಟಕ್ಕೇ ನಿಲ್ಲಿಸಿದರೆ ಈ ಲೇಖನ ಹಳೆಯ ಕಾಲದ ಹೊಗಳಿಕೆಯಾಗಿ ಮುಗಿಯುತ್ತಿತ್ತು. ನಂಬಿಕೆಯ ಹೆಸರು ಉಳಿಯುವುದಾದರೆ, ಆ ಹೆಸರನ್ನು ಮಾರಿಕೊಂಡು ಬದುಕುವುದೂ ಸಾಧ್ಯ. ಇದಕ್ಕೆ ಉದಾಹರಣೆಯನ್ನು ಬೇರೆಯವರಲ್ಲಿ ಹುಡುಕಬೇಕಾಗಿಲ್ಲ, ನನ್ನಲ್ಲಿಯೇ ಇದೆ.

ನಮ್ಮ ಅಂಗಡಿಯ ಮುಂದೆ ತಂದೆಯವರ ಕಾಲದಲ್ಲಿ ಬರೆಸಿದ ಮರದ ಹಲಗೆಯೊಂದಿತ್ತು: "ಇಲ್ಲಿ ಗಾಣದ ಎಣ್ಣೆ ದೊರೆಯುತ್ತದೆ." ಬರೆಸಿದಾಗ ಅದು ನಿಜವಾಗಿತ್ತು. ಊರಿನ ಎತ್ತಿನ ಗಾಣದಿಂದ ವಾರಕ್ಕೆರಡು ಬಾರಿ ಎಣ್ಣೆ ಬರುತ್ತಿತ್ತು. ಮುಂದೆ ಆ ಗಾಣ ನಿಂತಿತು. ಗಿರಣಿಯ ಎಣ್ಣೆ ಡಬ್ಬಗಳಲ್ಲಿ ಬರತೊಡಗಿತು. ಹಲಗೆ ಹಾಗೆಯೇ ಉಳಿಯಿತು. ತಂದೆಯವರು ತೀರಿಕೊಂಡರು, ಅಂಗಡಿ ನನ್ನ ಕೈಗೆ ಬಂದಿತು. ಹಲಗೆಯನ್ನು ತೆಗೆಸಬೇಕೆಂದು ನನಗೆ ತೋರಲಿಲ್ಲ. ಊರವರಿಗೆಲ್ಲ ಗಾಣ ನಿಂತದ್ದು ಗೊತ್ತೇ ಇತ್ತು. ಅವರು ಹಲಗೆಯನ್ನು ಓದುತ್ತಲೂ ಇರಲಿಲ್ಲ. ಅವರ ಮಟ್ಟಿಗೆ ಅದು ಕಂಠೀರಾಯಿ ವರಹದಂತೆ, ಇಬ್ಬರಿಗೂ ತಿಳಿದ ಬರಿಯ ಹೆಸರು.

ಒಂದು ದಿನ ಪರಸ್ಥಳದ ವೃದ್ಧೆಯೊಬ್ಬರು ಬಂದರು. ಮಗಳ ಬಾಣಂತನಕ್ಕೆಂದು ನಮ್ಮೂರಿಗೆ ಬಂದವರು. "ಬೋರ್ಡು ನೋಡಿಯೇ ಬಂದೆ ಶೆಟ್ರೇ, ಎಳೆಗೂಸಿಗೆ ಹಚ್ಚೋದಕ್ಕೆ ಕೊಬ್ಬರಿ ಎಣ್ಣೆ ಬೇಕು. ಗಾಣದ್ದೇ ತಾನೆ?" ಎಂದು ಕೇಳಿದರು. ಅಂಗಡಿಯಲ್ಲಿ ಜನವಿತ್ತು. ನಾನು "ಹೂಂ" ಎಂದೆ. ಎಣ್ಣೆ ಚೆನ್ನಾಗಿಯೇ ಇತ್ತು, ತೂಕ ಸರಿಯಾಗಿತ್ತು, ಬೆಲೆಯಲ್ಲಿ ಒಂದು ಪೈಸೆ ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ. ಆಕೆ ಸಂತೋಷದಿಂದ ಹೋದರು. ಲೆಕ್ಕದ ಪುಸ್ತಕದಲ್ಲಿ ಆ ವ್ಯಾಪಾರ ಸಂಪೂರ್ಣ ಶುದ್ಧ.

ಆ ವರ್ಷದ ದಶಲಕ್ಷಣ ಪರ್ವದಲ್ಲಿ ಉತ್ತಮ ಆರ್ಜವದ ದಿನ ಬಸದಿಯಲ್ಲಿ ಕುಳಿತಿದ್ದಾಗ ಆ "ಹೂಂ" ನೆನಪಿಗೆ ಬಂದಿತು. ಮನಸ್ಸು, ಮಾತು, ಕೃತಿ ಒಂದೇ ಗೆರೆಯಲ್ಲಿರುವುದು ಆರ್ಜವ. ಅಚೌರ್ಯದ ಅತಿಚಾರಗಳಲ್ಲಿ ಮಾನೋನ್ಮಾನದ ಮುಂದಿನದು, ಐದನೆಯದು, ಪ್ರತಿರೂಪಕ ವ್ಯವಹಾರ. ಒಂದರ ರೂಪದಲ್ಲಿ ಇನ್ನೊಂದನ್ನು ಕೊಡುವುದು. ತುಪ್ಪಕ್ಕೆ ಕೊಬ್ಬು ಬೆರೆಸುವವನು, ಹಿತ್ತಾಳೆಗೆ ಚಿನ್ನದ ನೀರು ಕೊಡುವವನು ಈ ಸೂತ್ರದೊಳಗೆ ಬರುತ್ತಾರೆಂದು ನಾನು ಎಷ್ಟೋ ಬಾರಿ ಇತರರಿಗೆ ವಿವರಿಸಿದ್ದುಂಟು. ಹಳೆಯ ಹಲಗೆಯೊಂದನ್ನು ಇಳಿಸದೆ ಬಿಟ್ಟವನೂ ಅದರೊಳಗೆ ಬರುತ್ತಾನೆಂದು ಅಂದಿನವರೆಗೆ ಹೊಳೆದಿರಲಿಲ್ಲ. ಆ ವೃದ್ಧೆ ಕೊಂಡದ್ದು ಎಣ್ಣೆಯನ್ನಲ್ಲ, 'ಗಾಣ' ಎಂಬ ಮಾತನ್ನು. ಆ ಮಾತಿನ ಹಿಂದೆ ನನ್ನಲ್ಲಿ ಸರಕಿರಲಿಲ್ಲ.

ಪರ್ವ ಮುಗಿದ ಮೇಲೆ 'ಗಾಣದ' ಎಂಬ ಪದದ ಮೇಲೆ ಬಣ್ಣ ಬಳಿಸಿದೆ. ಎರಡು ಮಳೆಗಾಲ ಕಳೆಯುವುದರಲ್ಲಿ ಬಣ್ಣ ಸವೆದು ಹಳೆಯ ಅಕ್ಷರಗಳು ಮಸುಕಾಗಿ ಮತ್ತೆ ಕಾಣಿಸಿಕೊಂಡವು. ಕೊನೆಗೆ ಹಲಗೆಯನ್ನೇ ಇಳಿಸಬೇಕಾಯಿತು. ಆ ವೃದ್ಧೆ ಮತ್ತೆ ಬರಲಿಲ್ಲ. ಆಕೆಗೆ ನಿಜ ಹೇಳುವ ಅವಕಾಶ ನನಗೆ ದೊರೆಯದೆಯೇ ಹೋಯಿತು.

ಈಚಿನ ವರ್ಷಗಳಲ್ಲಿ ಮರದ ಗಾಣದ ಎಣ್ಣೆ, ಕೈಮಗ್ಗದ ಸೀರೆ, ಬೀಸುಕಲ್ಲಿನ ಹಿಟ್ಟು ಎಂಬ ಹೆಸರುಗಳಿಗೆ ಮತ್ತೆ ಬೆಲೆ ಬಂದಿದೆ. ನಿಜವಾಗಿ ಗಾಣವನ್ನಿಟ್ಟು ದುಡಿಯುವವರೂ ಇದ್ದಾರೆ. ಅವರ ಶ್ರಮ ಗೌರವಕ್ಕೆ ಅರ್ಹವಾದುದು. ಆದರೆ ಹೆಸರಿಗೆ ಬೆಲೆ ಬಂದಷ್ಟೂ ಅದರ ಪ್ರತಿರೂಪ ಹೆಚ್ಚುತ್ತದೆ. ಈ ವಿಷಯದಲ್ಲಿ ನನಗೆ ತೋರಿದ ಅಳತೆಗೋಲು ಸರಳವಾಗಿದೆ. ವಸ್ತು ಹೋಗಿರುವುದು ಇಬ್ಬರಿಗೂ ತಿಳಿದಿದ್ದರೆ ಉಳಿದ ಹೆಸರು ಒಂದು ನೆನಪು, ಒಂದು ಅಲಂಕಾರ. ಹದಿನಾರಾಣೆ ಸತ್ಯವೆಂದವನ ಬಳಿ ಯಾರೂ ಆಣೆ ಕೇಳುವುದಿಲ್ಲ. ಒಬ್ಬನಿಗೆ ತಿಳಿದು ಇನ್ನೊಬ್ಬನಿಗೆ ತಿಳಿಯದಿದ್ದರೆ, ತಿಳಿದವನು ಸುಮ್ಮನಿದ್ದರೆ, ಅದು ಕಳವು. ಸುಳ್ಳನ್ನು ನಾವು ಬಾಯಿಬಿಟ್ಟು ಆಡಬೇಕೆಂದೇನೂ ಇಲ್ಲ. ಹಿರಿಯರು ಬರೆಸಿದ ನಿಜವೇ ನಮ್ಮ ಕಾಲಕ್ಕೆ ಸುಳ್ಳಾಗಿ ನಿಂತಿರಬಹುದು.

ಶ್ರಾವಕ ಎಂಬ ಹೆಸರು

ಕೊನೆಯದಾಗಿ ನಮ್ಮ ಸಮಾಜಕ್ಕೇ ಸೇರಿದ ಎರಡು ಶಬ್ದಗಳು. ನಮ್ಮ ಆಗಮಜ್ಞಾನಕ್ಕೆ 'ಶ್ರುತ'ವೆಂದು ಹೆಸರು, ಕೇಳಿದ್ದು ಎಂದರ್ಥ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಜ್ಞಾನ ಹರಿಯುತ್ತಿದ್ದ ಕಾಲದ ಹೆಸರು ಅದು. ಧರಸೇನಾಚಾರ್ಯರಿಂದ ಕಲಿತ ಪುಷ್ಪದಂತ ಭೂತಬಲಿಗಳು ಷಟ್ಖಂಡಾಗಮವನ್ನು ಗ್ರಂಥರೂಪಕ್ಕೆ ತಂದರು. ಅದರ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ನಾವು ಪುಸ್ತಕಗಳನ್ನು ಪೂಜಿಸುತ್ತೇವೆ. ಬರಹವನ್ನು ಗೌರವಿಸುವ ಆ ಹಬ್ಬದ ಹೆಸರೂ ಶ್ರುತಪಂಚಮಿಯೇ. ಮೂಡಬಿದಿರೆಯ ಬಸದಿಯಲ್ಲಿ ಧವಳಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಓಲೆ ಹೋಗಿ ಮುದ್ರಣ ಬಂದು, ಮುದ್ರಣದ ಜೊತೆಗೆ ಗಣಕಯಂತ್ರದ ಪುಟ ಬಂದರೂ ಅದು ಶ್ರುತವೇ.

ಗೃಹಸ್ಥರಾದ ನಮಗೂ 'ಶ್ರಾವಕ'ರೆಂದೇ ಹೆಸರು, ಕೇಳುವವರು. ಈ ಹೆಸರು ಹುಟ್ಟಿನಿಂದ ನಮ್ಮ ಮೇಲೆ ಬರೆದಿರುವ ಹಲಗೆ. ಹಿರಿಯರು ಬರೆಸಿದಾಗ ಅದು ನಿಜವಾಗಿತ್ತು. ಅಜ್ಜನವರು ಕಾಲು ಪೈಸೆಯ ತೀರ್ಪು ಕೊಟ್ಟಾಗ ನಿಜವಾಗಿತ್ತು. ವೃದ್ಧೆಯೊಬ್ಬರು "ಗಾಣದ್ದೇ ತಾನೆ?" ಎಂದು ಕೇಳಿದಾಗ ನನ್ನ ಪಾಲಿಗೆ ಅದು ನಿಜವಾಗಿರಲಿಲ್ಲ. ಗಾಣ ನಿಂತರೆ ಹಲಗೆಯನ್ನು ಇಳಿಸಬಹುದು. ಈ ಹೆಸರನ್ನು ಇಳಿಸುವಂತಿಲ್ಲ. ಹೆಸರಿಗೆ ತಕ್ಕ ಸರಕನ್ನು ಒಳಗೆ ತುಂಬಿಸಿಕೊಳ್ಳುವುದೊಂದೇ ದಾರಿ.

ಲೆಕ್ಕದ ತರುಣನಿಗೆ ಹದಿನಾರಾಣೆಯ ಅರ್ಥವನ್ನು ವಿವರಿಸಿದೆ. ಅವನು ಕೇಳಿ, "ಹಾಗಾದರೆ ಹದಿನೈದಾಣೆ ಸತ್ಯ ಎಂದು ಯಾರೂ ಹೇಳುವುದಿಲ್ಲವೇ?" ಎಂದ. "ಹೇಳುವುದಿಲ್ಲ. ಎಷ್ಟೋ ಬಾರಿ ನಡೆದುಕೊಳ್ಳುವುದು ಮಾತ್ರ ಹಾಗೆ" ಎಂದೆ.